12,000 ಲ್ಯೂಮೆನ್ ಪ್ರೊಜೆಕ್ಟರ್ ಮತ್ತು ಗೋಡೆ ಮೇಲಿನ ಒಂದು ಟ್ಯೂಬ್‌ಲೈಟ್

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕ್ಲಬ್ ಇದೆ. ಸದಸ್ಯರಲ್ಲಿ ಹೆಚ್ಚಿನವರು ಕಾಫಿ ಬೆಳೆಗಾರರು. ಹಾಲ್ 40 ಅಡಿ ಉದ್ದ, 24 ಅಡಿ ಅಗಲ, ಮೇಲೆ ಹೆಂಚಿನ ಮಾಡು. ಪಶ್ಚಿಮದ ಗೋಡೆಯಲ್ಲಿ ಎರಡು ದೊಡ್ಡ ಕಿಟಕಿ ಇವೆ, ಪೂರ್ವದ ಗೋಡೆ ಖಾಲಿ, ಬೆಳ್ಳಗಿದೆ. ಈಗಿರುವುದು 43 ಇಂಚಿನ ಟಿವಿ. 2025ರ ಜೂನ್ 3ರಂದು ಆರ್‌ಸಿಬಿ ಫೈನಲ್‌ಗೆ ಅರವತ್ತು ಜನ ಸೇರಿದ್ದೆವು, ಹಿಂದೆ ನಿಂತವರಿಗೆ ಸ್ಕೋರೇ ಕಾಣಲಿಲ್ಲ. ಈಗ ಪ್ರೊಜೆಕ್ಟರ್ ತರೋಣ ಅಂತ ಕಮಿಟಿಯಲ್ಲಿ ತೀರ್ಮಾನವಾಗಿದೆ. ಒಬ್ಬರು ಆನ್‌ಲೈನಿನಲ್ಲಿ '12,000 ಲ್ಯೂಮೆನ್, 4ಕೆ' ಅಂತ ಇರುವುದನ್ನು 18,000 ರೂಪಾಯಿಗೆ ತೋರಿಸುತ್ತಿದ್ದಾರೆ. ಅಂಗಡಿಯವರು 3,600 ಲ್ಯೂಮೆನ್ನಿನದ್ದಕ್ಕೆ 75,000 ಹೇಳುತ್ತಾರೆ. ಇದು ಯಾವ ಲೆಕ್ಕ? ಲೇಸರ್ ಬೇಕಾ? ಗೋಡೆಗೆ ಬಿಳಿ ಪೇಂಟ್ ಹೊಡೆದರೆ ಸಾಕಾ, ಸ್ಕ್ರೀನ್ ಬೇಕೇ ಬೇಕಾ? ಇನ್ನೊಂದು ವಿಷಯ, ರಮ್ಮಿ ಆಡುವವರು ಯಾವ ಕಾರಣಕ್ಕೂ ಲೈಟ್ ಆರಿಸಲು ಬಿಡುವುದಿಲ್ಲ. ಒಟ್ಟು ಬಜೆಟ್ ಒಂದೂಕಾಲು ಲಕ್ಷ.
(ಕ್ಲಬ್ ಕಾರ್ಯದರ್ಶಿ, ಮೂಡಿಗೆರೆ ತಾಲ್ಲೂಕು)

ಉತ್ತರ: ಸರ್, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಕೊನೆಗೆ ಬರೆದಿದ್ದೀರಿ. ರಮ್ಮಿಯವರ ಲೈಟು. ನಾನು ಹಾಸನದಲ್ಲಿ ಕೂತು ಸುಮಾರು ಹದಿನೆಂಟು ವರ್ಷದಿಂದ ಕಲ್ಯಾಣ ಮಂಟಪ, ಹೋಂಸ್ಟೇ, ಕ್ಲಬ್ಬು ಅಂತ ಎಲ್ಲ ಕಡೆ ಪ್ರೊಜೆಕ್ಟರ್ ಕೂರಿಸುತ್ತಾ ಬಂದಿದ್ದೇನೆ. 'ಚಿತ್ರ ಮಂಕು' ಅಂತ ಫೋನ್ ಬಂದಾಗ ಹತ್ತರಲ್ಲಿ ಎಂಟು ಸಲ ತಪ್ಪು ಪ್ರೊಜೆಕ್ಟರಿನದ್ದಾಗಿರುವುದಿಲ್ಲ. ಸ್ಕ್ರೀನಿನ ಮೇಲೆ ಎಲ್ಲಿಂದಲೋ ಒಂದು ಲೈಟು ಬೀಳುತ್ತಿರುತ್ತೆ.

ಮೊದಲು 12,000 ಲ್ಯೂಮೆನ್ ವಿಷಯ ಮುಗಿಸೋಣ, ಏಕೆಂದರೆ ಕಮಿಟಿ ಮೀಟಿಂಗಿನಲ್ಲಿ ಅದೇ ಜಗಳ ಆಗುತ್ತಿರಬೇಕು.

ಲ್ಯೂಮೆನ್ ಅಂದರೆ ಪ್ರೊಜೆಕ್ಟರ್ ಹೊರಗೆ ಬಿಡುವ ಒಟ್ಟು ಬೆಳಕು. ಅದನ್ನು ಅಳೆಯಲು ಒಂದು ಪದ್ಧತಿ ಇದೆ. ಪೂರ್ತಿ ಬಿಳಿ ಚಿತ್ರ ಬಿಟ್ಟು, ಅದರ ಒಂಬತ್ತು ಜಾಗದಲ್ಲಿ ಬೆಳಕು ಅಳೆದು, ಸರಾಸರಿ ತೆಗೆದು, ಚಿತ್ರದ ವಿಸ್ತೀರ್ಣದಿಂದ ಗುಣಿಸಬೇಕು. ಹಾಗೆ ಬಂದ ಸಂಖ್ಯೆಯನ್ನೇ ಆನ್ಸಿ ಲ್ಯೂಮೆನ್ ಅನ್ನುವುದು. ಈಗ ಒಳ್ಳೆಯ ಕಂಪನಿಗಳು ಐಎಸ್‌ಒ 21118 ಅಂತ ಬರೆಯುತ್ತವೆ, ಅದೂ ಹೆಚ್ಚುಕಡಿಮೆ ಇದೇ ಅಳತೆ. ಡಬ್ಬದ ಮೇಲೆ ಇವೆರಡರಲ್ಲಿ ಯಾವುದೂ ಇಲ್ಲದೆ ಬರೀ 'ಲ್ಯೂಮೆನ್' ಅಂತಿದ್ದರೆ, ಅದು ಒಳಗಿನ ಎಲ್‌ಇಡಿಯ ಬೆಳಕಿರಬಹುದು, ಇಲ್ಲ ಯಾರಿಗೋ ತೋಚಿದ ಸಂಖ್ಯೆ ಇರಬಹುದು. ಲೆನ್ಸ್ ದಾಟಿ ಗೋಡೆಗೆ ಬರುವುದು ಅದರಲ್ಲಿ ಒಂದು ಚೂರು. ಇಂಥ ಮೂರು ಪ್ರೊಜೆಕ್ಟರನ್ನು ನಾನೇ ಮೀಟರ್ ಇಟ್ಟು ಅಳೆದಿದ್ದೇನೆ, ಮೂರೂ ಮುನ್ನೂರರ ಒಳಗೇ ಇದ್ದವು. ಹಾಗಂತ ಅವು ಕಸ ಅಂತ ನಾನು ಹೇಳುವುದಿಲ್ಲ. ಕತ್ತಲೆ ಮಾಡಿದ ಬೆಡ್‌ರೂಮಿನಲ್ಲಿ ಮಕ್ಕಳಿಗೆ ಕಾರ್ಟೂನ್ ಹಾಕಲು ಚೆನ್ನಾಗಿಯೇ ಇರುತ್ತವೆ. ಕ್ಲಬ್ಬಿಗಲ್ಲ.

'4ಕೆ' ಅನ್ನುವುದೂ ಅಷ್ಟೇ. ಅದರ ಪಕ್ಕ ಸಣ್ಣಕ್ಷರದಲ್ಲಿ 'ಸಪೋರ್ಟ್' ಅಂತ ಇರುತ್ತೆ ನೋಡಿ. 4ಕೆ ಸಿಗ್ನಲ್ ಕೊಟ್ಟರೆ ಒಳಗೆ ತೆಗೆದುಕೊಳ್ಳುತ್ತೆ, ತೋರಿಸುವುದು ಮಾತ್ರ 1280x720, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಂಗಡಿಯಲ್ಲಿ ಕೇಳಬೇಕಾದ ಪದ 'ನೇಟಿವ್ ರೆಸಲ್ಯೂಷನ್', ಅಂದರೆ ಚಿತ್ರದಲ್ಲಿ ಅಡ್ಡಕ್ಕೆ ಮತ್ತು ಉದ್ದಕ್ಕೆ ನಿಜವಾಗಿ ಎಷ್ಟು ಚುಕ್ಕಿ ಇವೆ ಅನ್ನುವುದು. ಅದು 1920x1080 ಇದ್ದರೆ ನಿಮಗೆ ಸಾಕು. ನಿಮ್ಮ ಹಾಲಿಗೆ ನಾನು ಹೇಳುವ ಗಾತ್ರ 120 ಇಂಚು, ಮೂಲೆಯಿಂದ ಮೂಲೆಗೆ ಅಳೆದದ್ದು. ಅಂಥ ಚಿತ್ರದಲ್ಲಿ 1080ರ ಒಂದೊಂದು ಚುಕ್ಕಿ ಒಂದೂವರೆ ಮಿಲಿಮೀಟರಿಗಿಂತ ಸಣ್ಣದು. ಹದಿನೈದು ಹದಿನಾರು ಅಡಿ ದಾಟಿ ಕೂತವರ ಕಣ್ಣಿಗೆ ಆ ಚುಕ್ಕಿ ಬಿಡಿಯಾಗಿ ಕಾಣುವುದೇ ಇಲ್ಲ. ನಿಮ್ಮಲ್ಲಿ ಮುಂದಿನ ಎರಡು ಸಾಲು ಬಿಟ್ಟರೆ ಎಲ್ಲರೂ ಅದಕ್ಕಿಂತ ಹಿಂದೆಯೇ ಕೂರುತ್ತಾರೆ. 4ಕೆಗೆ ಹಾಕುವ ದುಡ್ಡನ್ನು ಕರ್ಟನ್‌ಗೆ ಹಾಕಿ. ಅಂಗಡಿಯವರು ಹಳೇ ಸ್ಟಾಕಿನ 1024x768 ಶಾಲೆ ಪ್ರೊಜೆಕ್ಟರ್ ಕೊಡಲು ಬಂದರೆ ಮಾತ್ರ ಬೇಡ ಅನ್ನಿ, ಚೌಕ ಚಿತ್ರದಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿದ್ದು ಮ್ಯಾಚ್ ಇನ್ನೂ ಚಿಕ್ಕದಾಗುತ್ತೆ.

ಈಗ ಲೈಟಿನ ಲೆಕ್ಕಕ್ಕೆ ಬರೋಣ. ಇದೊಂದನ್ನು ಪೇಪರ್ ಪೆನ್ ಹಿಡಿದು ನೋಡಿ.

ಕಪ್ಪು ಬಣ್ಣ ಬಿಡುವ ಪ್ರೊಜೆಕ್ಟರ್ ಇಲ್ಲ. ಅದಕ್ಕೆ ಗೊತ್ತಿರುವುದು ಬೆಳಕು ಹಾಕುವುದು ಮಾತ್ರ. ಬೆಳಕು ಹಾಕದೆ ಬಿಟ್ಟ ಜಾಗ ನಮಗೆ ಕಪ್ಪಾಗಿ ಕಾಣಬೇಕು. ಆದರೆ ಆ ಜಾಗದ ಮೇಲೆ ಹಾಲಿನ ಟ್ಯೂಬ್‌ಲೈಟ್ ಬಿದ್ದಿದ್ದರೆ? ನಿಮ್ಮ ಕಪ್ಪು ಅಂದರೆ ಟ್ಯೂಬ್‌ಲೈಟ್ ಬಿದ್ದ ಬಿಳಿ ಗೋಡೆ. ಅದಕ್ಕಿಂತ ಕಪ್ಪಾಗಿ ಏನೂ ಕಾಣಲು ಸಾಧ್ಯವಿಲ್ಲ, ಎಷ್ಟು ಲಕ್ಷದ ಪ್ರೊಜೆಕ್ಟರ್ ತಂದರೂ.

120 ಇಂಚಿನ ಸ್ಕ್ರೀನ್ ಸುಮಾರು 4 ಚದರ ಮೀಟರ್. 3,600 ಲ್ಯೂಮೆನ್ನನ್ನು ನಾಲ್ಕರಿಂದ ಭಾಗಿಸಿದರೆ 900 ಲಕ್ಸ್, ಅಂದರೆ ಒಂದೊಂದು ಚದರ ಮೀಟರಿಗೆ ಬೀಳುವ ಬೆಳಕು. ಇದು ಕಾಗದದ ಲೆಕ್ಕ. ಬಣ್ಣ ಸರಿ ಬರುವ ಮೋಡಿನಲ್ಲಿ, ಲ್ಯಾಂಪಿಗೆ ಸ್ವಲ್ಪ ವಯಸ್ಸಾದ ಮೇಲೆ, ಅರವತ್ತು ಪರ್ಸೆಂಟ್ ಸಿಕ್ಕರೆ ದೊಡ್ಡದು. ಅಂದರೆ 540. ಈಗ ಸ್ಕ್ರೀನಿನ ಮೇಲೆ ಹಾಲಿನ ಬೆಳಕು 100 ಲಕ್ಸ್ ಬೀಳುತ್ತಿದೆ ಅಂದುಕೊಳ್ಳಿ. ಬಿಳಿ ಜಾಗದಲ್ಲಿ 640, ಕಪ್ಪು ಜಾಗದಲ್ಲಿ 100. ಆರು ಪಟ್ಟು ವ್ಯತ್ಯಾಸ. ಮ್ಯಾಚ್ ಕಾಣುತ್ತೆ, ಆದರೆ ಮಜ್ಜಿಗೆಗೆ ನೀರು ಜಾಸ್ತಿಯಾದ ಹಾಗೆ. ಇದನ್ನು ಸರಿಮಾಡಲು ದುಪ್ಪಟ್ಟು ಬೆಳಕಿನ, 7,200 ಲ್ಯೂಮೆನ್ನಿನ ಪ್ರೊಜೆಕ್ಟರ್ ತಂದರೆ ವ್ಯತ್ಯಾಸ ಸುಮಾರು ಹನ್ನೆರಡು ಪಟ್ಟಾಗುತ್ತೆ, ಬೆಲೆ ನಿಮ್ಮ ಬಜೆಟ್ ದಾಟಿ ಎಲ್ಲಿಗೋ ಹೋಗುತ್ತೆ. ಅದರ ಬದಲು ಆ 3,600ರದ್ದನ್ನೇ ಇಟ್ಟುಕೊಂಡು, ಸ್ಕ್ರೀನಿನ ಹತ್ತಿರದ ಟ್ಯೂಬ್‌ಲೈಟ್ ಒಂದನ್ನು ಆರಿಸಿ, ಬೀಳುವ ಬೆಳಕನ್ನು 20 ಲಕ್ಸ್‌ಗೆ ಇಳಿಸಿದಿರಿ ಅನ್ನಿ. ಇಪ್ಪತ್ತೆಂಟು ಪಟ್ಟು! ಖರ್ಚು ಸೊನ್ನೆ. ಆ 18,000ದ ಪೆಟ್ಟಿಗೆಯನ್ನು ಇದೇ ಲೆಕ್ಕಕ್ಕೆ ಹಾಕಿದರೆ 100 ಲಕ್ಸಿನ ಹಾಲಿನಲ್ಲಿ ಎರಡು ಪಟ್ಟೂ ಬರುವುದಿಲ್ಲ. ಚೆಂಡಿರಲಿ, ಬ್ಯಾಟ್ಸ್‌ಮನ್ ಎಡಗೈಯವನೋ ಬಲಗೈಯವನೋ ಅಂತ ಹುಡುಕಬೇಕು.

ಫೋನಿನಲ್ಲಿ ಲಕ್ಸ್ ಮೀಟರ್ ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತೆ. ತೀರಾ ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ 100ಕ್ಕೂ 20ಕ್ಕೂ ವ್ಯತ್ಯಾಸ ತಿಳಿಯಲು ಸಾಕು. ಸಂಜೆ ಏಳೂವರೆಗೆ, ಎಲ್ಲ ಲೈಟ್ ಹಾಕಿ, ಫೋನಿನ ಮುಖ ಹಾಲಿನ ಕಡೆ ಮಾಡಿ ಗೋಡೆಗೆ ಒರಗಿಸಿ ನೋಡಿ. ಒಂದೊಂದೇ ಲೈಟ್ ಆರಿಸುತ್ತಾ ಹೋದರೆ ಯಾವುದು ನಿಮ್ಮ ಶತ್ರು ಅಂತ ತಾನೇ ಗೊತ್ತಾಗುತ್ತೆ.

ಆದ್ದರಿಂದ ಯಾವ ಗೋಡೆ ಅನ್ನುವುದು ಯಾವ ಮಾಡೆಲ್ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಪೂರ್ವದ ಗೋಡೆ ಖಾಲಿಯಿದೆ, ಬೆಳ್ಳಗಿದೆ ಅಂತ ಅಲ್ಲಿಗೇ ಚಿತ್ರ ಬಿಡುವ ಯೋಚನೆ ನಿಮಗಿದೆ ಅಂತ ಕಾಣುತ್ತೆ. ಬೇಡ. ಐಪಿಎಲ್‌ನ ಮಧ್ಯಾಹ್ನದ ಮ್ಯಾಚ್ ಶುರುವಾಗುವುದು ಮೂರೂವರೆಗೆ. ಏಪ್ರಿಲ್ ಬಿಸಿಲು ಪಶ್ಚಿಮದ ಕಿಟಕಿಯಿಂದ ಒಳಗೆ ಬಂದು ನೇರ ಪೂರ್ವದ ಗೋಡೆಗೇ ಹೊಡೆಯುತ್ತೆ. ಸ್ಕ್ರೀನನ್ನು ಕಿಟಕಿಗಳಿರುವ ಪಶ್ಚಿಮದ ಗೋಡೆಗೇ, ಎರಡು ಕಿಟಕಿಗಳ ನಡುವೆ ಹಾಕಿ. ಕೇಳಲು ವಿಚಿತ್ರ ಅನ್ನಿಸುತ್ತೆ, ಆದರೆ ಪಕ್ಕದ ಕಿಟಕಿಯ ಬಿಸಿಲು ಸ್ಕ್ರೀನಿನ ಮುಖಕ್ಕೆ ನೇರವಾಗಿ ಬೀಳುವುದಿಲ್ಲ, ಕೂತವರ ಕಣ್ಣಿಗೆ ಹೊಡೆಯುತ್ತೆ ಅಷ್ಟೇ. ಅದಕ್ಕೆ ದಪ್ಪ ಕರ್ಟನ್ ಇದೆ. 120 ಇಂಚಿನ ಸ್ಕ್ರೀನಿಗೆ ಅಗಲ 8 ಅಡಿ 9 ಇಂಚು ಬೇಕು, ಫ್ರೇಮ್ ಸೇರಿ ಒಂಬತ್ತು ಅಡಿ ಅನ್ನಿ. ಕಿಟಕಿಗಳ ನಡುವೆ ಅಷ್ಟು ಜಾಗ ಇಲ್ಲದಿದ್ದರೆ ಕಿಟಕಿಯ ಅಂಚಿನ ಮೇಲೇ ಸ್ಕ್ರೀನ್ ಇಳಿಬಿಟ್ಟರೂ ನಡೆಯುತ್ತೆ, ಹಿಂದಿನಿಂದ ಬೆಳಕು ತೂರದ ಹಾಗೆ ಕಪ್ಪು ಬೆನ್ನಿನ ಬಟ್ಟೆ ತರಬೇಕು.

ರಮ್ಮಿ ಟೇಬಲ್ಲುಗಳನ್ನು ಪೂರ್ವದ ತುದಿಗೆ, ಕೊನೇ ಸಾಲಿನ ಹಿಂದಕ್ಕೆ ಸಾಗಿಸಿ. ಮೇಲಿನ ಟ್ಯೂಬ್‌ಲೈಟ್ ಬದಲು ಪ್ರತಿ ಟೇಬಲ್ಲಿಗೂ ಮೇಲಿಂದ ಇಳಿಬಿಟ್ಟ, ಟೋಪಿ ಹಾಕಿದ ಒಂದು ಲೈಟ್ ಕೊಡಿ. ಬಿಲಿಯರ್ಡ್ಸ್ ಟೇಬಲ್ ಮೇಲೆ ಇರುತ್ತಲ್ಲ, ಆ ಥರ. ಎಲೆ ಅವರಿಗೆ ಮೊದಲಿಗಿಂತ ಚೆನ್ನಾಗಿ ಕಾಣುತ್ತೆ, ಸ್ಕ್ರೀನಿಗೆ ಏನೂ ಬೀಳುವುದಿಲ್ಲ. ಸಕಲೇಶಪುರದ ಕಡೆ ಒಂದು ಕ್ಲಬ್ಬಿನಲ್ಲಿ ಹೀಗೇ ಮಾಡಿದೆವು. ಮೊದಲು ಗಲಾಟೆ ಮಾಡಿದ ಹಿರಿಯರೇ ಆಮೇಲೆ ಆ ಲೈಟು ತಮ್ಮ ಐಡಿಯಾ ಅಂತ ಹೇಳಿಕೊಂಡು ಓಡಾಡುತ್ತಿದ್ದರು. ಇರಲಿ ಬಿಡಿ.

ಗಾತ್ರ 120 ಇಂಚೇ ಯಾಕೆ ಅಂತ ಕೇಳಬಹುದು. ಸ್ಕೋರ್, ಓವರ್ ಎಲ್ಲ ಆರಾಮಾಗಿ ಓದಬೇಕಾದರೆ ಕೊನೇ ಸಾಲು ಚಿತ್ರದ ಎತ್ತರದ ಆರು ಪಟ್ಟಿನೊಳಗೆ ಇರಬೇಕು, ಸುಮ್ನೆ ಆಟ ನೋಡುವುದಾದರೆ ಎಂಟು ಪಟ್ಟಿನವರೆಗೂ ನಡೆಯುತ್ತೆ. 120 ಇಂಚಿನ ಚಿತ್ರದ ಎತ್ತರ ಹತ್ತಿರ ಹತ್ತಿರ ಐದಡಿ. ಅಂದರೆ 29 ಅಡಿವರೆಗೆ ಓದಬಹುದು, 39 ಅಡಿವರೆಗೆ ನೋಡಬಹುದು. ನಿಮ್ಮ ಹಾಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. 'ಇನ್ನೂ ದೊಡ್ಡದು, 150 ಮಾಡೋಣ' ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅಷ್ಟೇ ಬೆಳಕು ಒಂದೂವರೆ ಪಟ್ಟಿಗಿಂತ ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತೆ ಅಂತ ಅವರಿಗೆ ಹೇಳಿ.

ಇನ್ನು ಪ್ರೊಜೆಕ್ಟರ್. ನಿಮಗೆ ಬೇಕಾಗಿರುವುದು 3,500ರಿಂದ 4,000 ಆನ್ಸಿ ಲ್ಯೂಮೆನ್, ನೇಟಿವ್ 1080. ಇದರಲ್ಲಿ ಎರಡು ಜಾತಿ ಸಿಗುತ್ತೆ, ಡಿಎಲ್‌ಪಿ ಮತ್ತು 3ಎಲ್‌ಸಿಡಿ. ಕಡಿಮೆ ಬೆಲೆಯ ಡಿಎಲ್‌ಪಿಯಲ್ಲಿ ಒಂದೇ ಚಿಪ್, ಅದರ ಮುಂದೆ ಬಣ್ಣದ ಚಕ್ರ ತಿರುಗುತ್ತಿರುತ್ತೆ. ಕೆಂಪು, ಹಸಿರು, ನೀಲಿ ಒಂದಾದ ಮೇಲೊಂದು ಬರುತ್ತವೆ, ಕಣ್ಣು ಅವನ್ನು ಸೇರಿಸಿಕೊಳ್ಳುತ್ತೆ. ಕೆಲವರ ಕಣ್ಣು ಸೇರಿಸಿಕೊಳ್ಳುವುದಿಲ್ಲ. ಬಿಳಿ ಚೆಂಡು ಜೋರಾಗಿ ಹೋದಾಗ ಅವರಿಗೆ ಅದರ ಹಿಂದೆ ಬಣ್ಣದ ಗೆರೆ ಮಿನುಗುತ್ತೆ, ಆಮೇಲೆ ತಲೆನೋವು. ಅರವತ್ತು ಜನರಲ್ಲಿ ಇಬ್ಬರಿಗಾದರೂ ಹಾಗಾದರೆ ಕಾರ್ಯದರ್ಶಿಗೆ ತಾನೇ ದೂರು? ಜೊತೆಗೆ ಆ ಚಕ್ರದಲ್ಲಿ ಬಿಳಿ ಭಾಗವೂ ಸೇರಿದ್ದರೆ ಡಬ್ಬದ ಮೇಲಿನ ಲ್ಯೂಮೆನ್ ಬಿಳಿ ಬಣ್ಣಕ್ಕೆ ಮಾತ್ರ ಸಲ್ಲುತ್ತೆ, ಹಸಿರು ಮೈದಾನ ಮಂಕಾಗುತ್ತೆ. 3ಎಲ್‌ಸಿಡಿಯಲ್ಲಿ ಮೂರು ಬಣ್ಣವೂ ಒಟ್ಟಿಗೇ ಬರುವುದರಿಂದ ಈ ತಾಪತ್ರಯ ಇಲ್ಲ. ಹಾಗಾಗಿ ಕ್ರಿಕೆಟ್ಟಿಗೆ ನನ್ನ ಮತ 3ಎಲ್‌ಸಿಡಿಗೆ.

ಆದರೆ ಅದಕ್ಕೂ ಒಂದು ಕಾಟ ಇದೆ, ಅದೂ ನಿಮ್ಮ ಊರಿನಲ್ಲಿ. ಅದು ಗಾಳಿಯನ್ನು ಎಳೆದು ಒಳಗಿನ ಪ್ಯಾನೆಲ್ ತಂಪು ಮಾಡಿಕೊಳ್ಳುತ್ತೆ. ಗಾಳಿ ಜೊತೆ ಧೂಳು, ಮಳೆ ಶುರುವಾದಾಗ ಬೆಳಕಿಗೆ ಮುತ್ತುವ ರೆಕ್ಕೆ ಹುಳು, ಎಲ್ಲ ಫಿಲ್ಟರಿಗೆ ಬಂದು ಕೂರುತ್ತವೆ. ಎರಡು ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ಬ್ರಷ್ಷಿನಲ್ಲಿ ಉದುರಿಸಬೇಕು. ಯಾರೂ ಮಾಡುವುದಿಲ್ಲ, ಆಮೇಲೆ ಮಧ್ಯದಲ್ಲಿ ಆಫ್ ಆಗುತ್ತೆ ಅಂತ ಫೋನ್ ಮಾಡುತ್ತಾರೆ. ಬಿಸಿಯಾಗಿ ಆಫ್ ಆಗುತ್ತಿದೆ, ಅಷ್ಟೇ. ಇನ್ನೊಂದು, ಮಳೆಗಾಲದ ಮೂರು ತಿಂಗಳು ಬಳಸದೆ ಬಟ್ಟೆ ಮುಚ್ಚಿ ಇಡಬೇಡಿ. ಶೀತಕ್ಕೆ ಒಳಗಿನ ಗಾಜಿಗೆ ಬೂಷ್ಟು ಹಿಡಿಯುತ್ತೆ, ಅದನ್ನು ತೆಗೆಯಲು ಆಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಅದರ ಬಿಸಿಗೇ ಒಣಗುತ್ತೆ.

ಲೇಸರ್ ಬೇಕಾ ಅಂತ ಕೇಳಿದ್ದೀರಿ. ಅಂಗಡಿಯವರು ಹೇಳುವ ಕಾರಣ, ಲೇಸರ್ 20,000 ಗಂಟೆ ಬರುತ್ತೆ, ಲ್ಯಾಂಪ್ ನಾಲ್ಕೈದು ಸಾವಿರ ಗಂಟೆ ಅಷ್ಟೇ ಅಂತ. ನಿಜವೇ. ಆದರೆ ನೀವು ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ? ಒಂದು ಐಪಿಎಲ್ ಸೀಸನ್ನಿನ ಎಪ್ಪತ್ತನಾಲ್ಕು ಮ್ಯಾಚನ್ನೂ ಬಿಡದೆ ತೋರಿಸಿದರೂ 300 ಗಂಟೆ. ಬೇರೆಯದ್ದೆಲ್ಲ ಸೇರಿ 400 ಅಂದುಕೊಂಡರೂ ಒಂದು ಲ್ಯಾಂಪ್ ಎಂಟು ಹತ್ತು ವರ್ಷ ದಾಟಬೇಕು. ಆ ಆಯಸ್ಸಿಗೋಸ್ಕರ ಲೇಸರ್ ತರುವುದು ನಿಮಗೆ ದಂಡ. ಆದರೆ ಲೇಸರಿಗೆ ಇನ್ನೊಂದು ಗುಣ ಇದೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಲ್ಯಾಂಪು ಉರಿಯುತ್ತಿರುವಾಗ ಫಕ್ಕನೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತೆ, ಒಳಗಿನ ಬಿಸಿ ಹೊರಗೆ ಹೋಗದೆ ಲ್ಯಾಂಪಿನ ಆಯಸ್ಸು ತಿನ್ನುತ್ತೆ. ಮತ್ತೆ ಕರೆಂಟ್ ಬಂದರೂ ಲ್ಯಾಂಪ್ ತಣ್ಣಗಾಗುವವರೆಗೆ ಹೊತ್ತಿಕೊಳ್ಳುವುದಿಲ್ಲ. ಲೇಸರಿಗೆ ಈ ಕಷ್ಟ ಇಲ್ಲ. ಮಲೆನಾಡಿನಲ್ಲಿ ಜೂನ್ ತಿಂಗಳಲ್ಲಿ ಒಂದು ಮರ ಬಿದ್ದರೆ ಕರೆಂಟಿನ ಕಥೆ ಏನಾಗುತ್ತೆ ಅಂತ ನಾನು ನಿಮಗೆ ಹೇಳಬೇಕಾ? ಜನರೇಟರ್ ಇದ್ದರೂ ಅದು ಶುರುವಾಗುವ ಆ ಹತ್ತು ಹದಿನೈದು ಸೆಕೆಂಡೇ ಸಾಕು ಹಾಳುಮಾಡಲು.

ಆದರೆ ಈ ಒಂದು ಕಷ್ಟಕ್ಕೆ ಯುಪಿಎಸ್ ಸಾಕು. ಆದ್ದರಿಂದ ಲ್ಯಾಂಪಿನದ್ದೇ ತನ್ನಿ, ಜೊತೆಗೆ ಒಂದು ಯುಪಿಎಸ್ ತನ್ನಿ. ಪ್ರೊಜೆಕ್ಟರ್ ಮುನ್ನೂರು ವ್ಯಾಟ್‌ನ ಆಸುಪಾಸು ಎಳೆಯುತ್ತೆ. ಕ್ಲಬ್ಬಿನಲ್ಲಿ ಈಗಿರುವ ಇನ್ವರ್ಟರ್ ಅಷ್ಟು ಎಳೆದರೆ ಅದೂ ಆಗುತ್ತೆ, ಬದಲಾಗುವಾಗ ಪ್ರೊಜೆಕ್ಟರ್ ಆರಿಹೋಗದಂಥದ್ದು ಇರಬೇಕು ಅಷ್ಟೇ. ಡಿಟಿಎಚ್ ಬಾಕ್ಸನ್ನೂ ಅದಕ್ಕೇ ಸಿಕ್ಕಿಸಿ. ಇಲ್ಲದಿದ್ದರೆ ಪ್ರೊಜೆಕ್ಟರ್ ಉಳಿದರೂ ಬಾಕ್ಸ್ ಮೊದಲಿಂದ ಶುರುವಾಗುವಷ್ಟರಲ್ಲಿ ಒಂದು ಓವರ್ ಮುಗಿದಿರುತ್ತೆ.

ಕೂರಿಸುವುದರಲ್ಲಿ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಹಳೇ ಹೆಂಚಿನ ಮನೆಯೊಂದರಲ್ಲಿ ಫ್ಯಾನ್ ಇರುವ ತೊಲೆಗೇ ಪ್ರೊಜೆಕ್ಟರಿನ ಪೈಪನ್ನೂ ಬಿಗಿದೆ. ಡೆಮೊ ಕೊಟ್ಟ ದಿನ ತಂಪಿತ್ತು, ಫ್ಯಾನ್ ಹಾಕಿರಲಿಲ್ಲ. ಮ್ಯಾಚ್ ದಿನ ಐವತ್ತು ಜನ, ಸೆಕೆ, ಫ್ಯಾನ್ ಐದರಲ್ಲಿ. ಬೌಲರ್ ಓಡಿ ಬಂದಾಗಲೆಲ್ಲ ಇಡೀ ಮೈದಾನ ನಡುಗುತ್ತಿತ್ತು. ನಿಮ್ಮ ಮಾಡು ಎತ್ತರ ಇರುವುದರಿಂದ ಪೈಪ್ ಉದ್ದ ಇಳಿಯಬೇಕು, ಉದ್ದ ಪೈಪ್ ಇನ್ನೂ ಜಾಸ್ತಿ ಅಲುಗಾಡುತ್ತೆ. ಫ್ಯಾನಿಲ್ಲದ ತೊಲೆ ಹುಡುಕಿ. ಸಾಮಾನ್ಯ ಪ್ರೊಜೆಕ್ಟರಿಗೆ ಚಿತ್ರದ ಅಗಲದ ಒಂದೂವರೆ ಪಟ್ಟು ದೂರ ಬೇಕು, ನಿಮಗೆ ಸುಮಾರು ಹದಿಮೂರು ಅಡಿ. ಮಾಡೆಲ್ ಆರಿಸುವ ಮೊದಲೇ ಯಾವ ತೊಲೆ ಎಷ್ಟು ದೂರದಲ್ಲಿದೆ ಅಂತ ಅಳೆಯಿರಿ, ಪ್ರೊಜೆಕ್ಟರ್ ಮತ್ತು ಸ್ಕ್ರೀನ್ ಮಧ್ಯೆ ಫ್ಯಾನಿನ ರೆಕ್ಕೆ ಬರುತ್ತಾ ನೋಡಿ. ಓರೆಯಾಗಿ ಇಟ್ಟು ರಿಮೋಟಿನಲ್ಲಿ ಕೀಸ್ಟೋನ್ ಒತ್ತಿ ನೇರ ಮಾಡಿಕೊಳ್ಳೋಣ ಅನ್ನುವ ಪದ್ಧತಿ ಬೇಡ, ಹಾಗೆ ಮಾಡಿದಾಗ ಚಿತ್ರದ ಒಂದಷ್ಟು ಚುಕ್ಕಿಗಳನ್ನು ನೀವೇ ಎಸೆದ ಹಾಗೆ.

ಗೋಡೆಗೆ ಪೇಂಟ್ ಸಾಕಾ? ಹೊಳಪಿಲ್ಲದ, ಮ್ಯಾಟ್ ಬಿಳಿ ಆಗಿದ್ದರೆ, ಗೋಡೆ ಸಪಾಟಾಗಿದ್ದರೆ ಚಿತ್ರ ಪರವಾಗಿಲ್ಲ. ಆದರೆ ನಿಮ್ಮಲ್ಲಿ ಮಳೆಗೆ ಗೋಡೆ ಥಂಡಿ ಹಿಡಿದು ಕಲೆ ಬೀಳುತ್ತಲ್ಲ, ಆ ಕಲೆ ಪ್ರತಿ ಮ್ಯಾಚಿನಲ್ಲೂ ಡೀಪ್ ಮಿಡ್‌ವಿಕೆಟ್‌ನಲ್ಲಿ ನಿಂತಿರುತ್ತೆ. ಫ್ರೇಮಿಗೆ ಎಳೆದು ಕಟ್ಟಿದ ಸ್ಕ್ರೀನ್ ಒಳ್ಳೆಯದು. ಮೋಟಾರಿನಲ್ಲಿ ಸುತ್ತಿಕೊಳ್ಳುವ ಅಗ್ಗದ ಸ್ಕ್ರೀನು ಶೀತಕ್ಕೆ ಅಂಚು ಮುದುರಿಕೊಳ್ಳುತ್ತೆ.

ಸೌಂಡಿಗೆ ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ನಂಬಬೇಡಿ, ಅರವತ್ತು ಜನರ ಗದ್ದಲದಲ್ಲಿ ಅದು ಸೊಳ್ಳೆ. ಎರಡು ಸ್ಪೀಕರ್ ಇಡಿ, ವೈರಿನಲ್ಲೇ ಕೊಡಿ. ಬ್ಲೂಟೂತ್ ಆದರೆ ಬ್ಯಾಟಿಗೆ ಚೆಂಡು ತಾಗಿದ ಮೇಲೆ ಟಕ್ ಅನ್ನುತ್ತೆ. ಪ್ರೊಜೆಕ್ಟರಿಗೆ ಎಳೆಯುವ ಎಚ್‌ಡಿಎಂಐ ಕೇಬಲ್ ಹದಿನೈದು ಮೀಟರ್ ದಾಟಿದರೆ ಮಾಮೂಲಿ ತಾಮ್ರದ್ದು ಬೇಡ, ಆಪ್ಟಿಕಲ್ ಎಚ್‌ಡಿಎಂಐ ತನ್ನಿ.

ಸಿಗ್ನಲ್ ವಿಷಯ ಜನ ಮರೆಯುವುದು ಜಾಸ್ತಿ. ಆ್ಯಪ್‌ನಲ್ಲಿ ನೋಡಿದರೆ ಡಿಟಿಎಚ್‌ಗಿಂತ ಅರ್ಧ ನಿಮಿಷದವರೆಗೂ ಹಿಂದೆ ಇರುತ್ತೆ. ಆ ಜೂನ್ 3ರ ರಾತ್ರಿ ನಮ್ಮ ಬೀದಿಯಲ್ಲಿ ನಾನು ಕೊನೇ ಓವರ್ ನೋಡುತ್ತಿರುವಾಗಲೇ ಪಕ್ಕದ ಮನೆಯವರು ಪಟಾಕಿ ಹಚ್ಚಿದರು, ಹದಿನೆಂಟು ವರ್ಷ ಕಾದ ಕಪ್ ನನಗೆ ಶಬ್ದದಲ್ಲಿ ಮೊದಲು ಬಂತು. ಡಿಟಿಎಚ್ ಇರಲಿ. ಆದರೆ ಜಡಿಮಳೆಯಲ್ಲಿ ಡಿಟಿಎಚ್ ಸಿಗ್ನಲ್ ಹೋಗುತ್ತೆ, ಆ ತರಂಗಗಳನ್ನು ಮಳೆಹನಿ ನುಂಗುತ್ತೆ, ಬುಟ್ಟಿ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. 2026ರ ಫುಟ್‌ಬಾಲ್ ವಿಶ್ವಕಪ್‌ನ ದಿನಗಳು ಜೂನ್ 11ರಿಂದ ಜುಲೈ 19, ಅಂದರೆ ನಿಮ್ಮಲ್ಲಿ ಪೂರ್ತಿ ಮಳೆಗಾಲ. ಅಂಥ ದಿನಗಳಿಗೆ ಆ್ಯಪ್ ಕೂಡ ಇರಲಿ. ಡಿಟಿಎಚ್ ಬಾಕ್ಸಿನ ಸೆಟ್ಟಿಂಗಿನಲ್ಲಿ 50 ಹರ್ಟ್ಸ್ (ಸೆಕೆಂಡಿಗೆ ಚಿತ್ರ ಬದಲಾಗುವ ಲೆಕ್ಕ) ಇದೆಯಾ ನೋಡಿ. ನಮ್ಮ ಟಿವಿ ಚಾನೆಲ್‌ಗಳು ಬರುವುದು ಅದರಲ್ಲೇ. 60ಕ್ಕೆ ಇಟ್ಟರೆ ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ಚಿತ್ರ ತಡವರಿಸುತ್ತೆ.

ಹಾಗೇ ಒಂದು ಕಾನೂನಿನ ಮಾತು. ಮನೆಗೆ ಅಂತ ತೆಗೆದುಕೊಂಡ ಡಿಟಿಎಚ್ ಕನೆಕ್ಷನ್ನನ್ನು ಕ್ಲಬ್ಬಿನಲ್ಲಿ ಹಾಕುವ ಹಾಗಿಲ್ಲ, ವಾಣಿಜ್ಯ ಕನೆಕ್ಷನ್ ಕೇಳಿ ತೆಗೆದುಕೊಳ್ಳಿ. ಫೈನಲ್‌ಗೆ ಹೊರಗಿನವರಿಗೆ ಟಿಕೆಟ್ ಮಾರುವ ಆಸೆಯಂತೂ ಬಿಡಿ. ದುಡ್ಡು ತೆಗೆದುಕೊಂಡು ಪ್ರಸಾರ ತೋರಿಸಬೇಕಾದರೆ ಹಕ್ಕು ಇರುವವರ ಲೈಸೆನ್ಸ್ ಬೇಕು, 1957ರ ಕಾಪಿರೈಟ್ ಕಾಯ್ದೆಯ 37ನೇ ಸೆಕ್ಷನ್ನಿನಲ್ಲೇ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ಕಮಿಟಿ 'ಒಂದು ಲೈಟೂ ಆರಿಸಲ್ಲ, ಟೇಬಲ್ಲೂ ಸರಿಸಲ್ಲ' ಅಂದರೆ ಪ್ರೊಜೆಕ್ಟರ್ ಬಿಟ್ಟುಬಿಡಿ, ದೊಡ್ಡ ಟಿವಿ ತನ್ನಿ. ಇದನ್ನು ಹೇಳಿದರೆ ನನಗೆ ವ್ಯಾಪಾರ ಕಡಿಮೆ, ಆದರೂ ಹೇಳುತ್ತೇನೆ. ಟಿವಿಯ ಕಪ್ಪು ಹಾಲಿನ ಬೆಳಕಿನಲ್ಲೂ ಕಪ್ಪೇ. 98 ಇಂಚಿನದ್ದರ ಎತ್ತರ ನಾಲ್ಕಡಿ, ಅಂದರೆ 24 ಅಡಿವರೆಗೆ ಓದಬಹುದು, 32 ಅಡಿವರೆಗೆ ನೋಡಬಹುದು. 85ರದ್ದಾದರೆ ಓದುವ ದೂರ 21 ಅಡಿಗೆ ಇಳಿಯುತ್ತೆ, ಹಿಂದಿನವರು ಎದ್ದು ಮುಂದೆ ಬರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗೂ ಪ್ರೊಜೆಕ್ಟರಿಗೂ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಹಳೇ ಕೊಟೇಷನ್ ಇದ್ದರೆ ಹೊಸದು ಕೇಳಿ. ಟಿವಿಯ ಅಪಾಯ ಬೇರೆ ಥರ. ಇಳಿಸುವಾಗ ಒಂದು ಸಲ ತಾಗಿದರೆ ಪ್ಯಾನೆಲ್ ಸೀಳಿತು, ಅದಕ್ಕೆ ರಿಪೇರಿ ಇಲ್ಲ. ಹಳೇ ಮಣ್ಣಿನ ಗೋಡೆಯಾದರೆ ಅಷ್ಟು ಭಾರವನ್ನು ಮೊಳೆಗೆ ನೇತುಹಾಕಬೇಡಿ, ನೆಲದ ಮೇಲೆ ಸ್ಟ್ಯಾಂಡ್ ಮಾಡಿಸಿ. ಗೋಡೆಗೆ ಹತ್ತಿರ ಇಟ್ಟು ಚಿತ್ರ ಬಿಡುವ ಲೇಸರ್ ಪ್ರೊಜೆಕ್ಟರ್ ಅಂತ ಒಂದು ಬಂದಿದೆ, ಮೇಲಿನ ಬೆಳಕನ್ನು ತಡೆಯುವ ವಿಶೇಷ ಸ್ಕ್ರೀನ್ ಜೊತೆ ಚೆನ್ನಾಗಿರುತ್ತೆ, ಆದರೆ ಎರಡೂ ಸೇರಿ ನಿಮ್ಮ ಒಂದೂಕಾಲು ಲಕ್ಷದಲ್ಲಿ ಬರುವುದಿಲ್ಲ. ಮೊಣಕಾಲೆತ್ತರದಲ್ಲಿ ಇಡಬೇಕಾದ ವಸ್ತು, ಮೇಲೆ ಯಾರಾದರೂ ಗ್ಲಾಸ್ ಇಟ್ಟೇ ಇಡುತ್ತಾರೆ.

ಯಾವುದನ್ನೂ ಈ ವಾರವೇ ಕೊಳ್ಳಬೇಡಿ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ 3,500 ಆನ್ಸಿ ಲ್ಯೂಮೆನ್ನಿನ ಪ್ರೊಜೆಕ್ಟರ್ ಒಂದನ್ನು ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ಒಂದು ದಿನ ಮಧ್ಯಾಹ್ನ ಮೂರೂವರೆಗೆ, ಇನ್ನೊಂದು ದಿನ ರಾತ್ರಿ, ಪಶ್ಚಿಮದ ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿ ಹಳೇ ಮ್ಯಾಚ್ ಯಾವುದಾದರೂ ಹಾಕಿ. ರಮ್ಮಿಯವರನ್ನೂ ಕರೆಯಿರಿ, ಅವರ ಟೇಬಲ್ಲಿಗೆ ತಾತ್ಕಾಲಿಕವಾಗಿ ಒಂದು ಇಳಿಬಿಟ್ಟ ಲೈಟ್ ಕೊಡಿ. ಲಕ್ಸ್ ಎಷ್ಟು ಬಂತು, ತೊಲೆ ಎಷ್ಟು ದೂರ, ಕಿಟಕಿ ನಡುವೆ ಎಷ್ಟಡಿ, ಈ ಮೂರನ್ನು ಬರೆದು ಕಳಿಸಿ. ಮಾಡೆಲ್ ಯಾವುದು ಅಂತ ಆಮೇಲೆ ಮಾತಾಡೋಣ.